ದುರ್ಗದಲ್ಲೊಂದು ಸೈಟು ಬೇಕಾ? ಏಪ್ರಿಲ್ ತಿಂಗಳಲ್ಲಿ ಹೋಗಿ ನೋಡಿ

ನಮ್ಮೂರಿನ ವಾಟ್ಸಾಪ್ ಗ್ರೂಪಿಗೆ ದಿನಾ ಬೆಳಿಗ್ಗೆ ಮೂರು ತಪ್ಪದೆ ಬರುತ್ತವೆ. ಶುಭೋದಯದ ಗುಲಾಬಿ ಹೂವು, ಅಡಿಕೆ ರೇಟು, ಮತ್ತು ಯಾವುದಾದರೊಂದು ಲೇಔಟಿನ ವಿಡಿಯೊ. ಮೇಲಿನಿಂದ ಡ್ರೋನ್ ಇಳಿಯುತ್ತದೆ. ದೊಡ್ಡ ಕಮಾನು, ಅದರೊಳಗೆ ಹೊಸ ಟಾರು ರಸ್ತೆ, ಎರಡೂ ಬದಿಗೆ ಮೊಣಕಾಲೆತ್ತರದ ಗಿಡ, ದೂರದಲ್ಲಿ ಕೋಟೆ ಗುಡ್ಡ. ಹೈವೇಯಿಂದ ಐದೇ ನಿಮಿಷ, ಮೆಡಿಕಲ್ ಕಾಲೇಜಿನಿಂದ ಹತ್ತೇ ನಿಮಿಷ, ಇನ್ನು ಕೆಲವೇ ಸೈಟುಗಳು ಬಾಕಿ. ಆ 'ಕೆಲವೇ ಸೈಟುಗಳು' ಮೂರು ವರ್ಷದಿಂದ ಹಾಗೇ ಬಾಕಿ ಇವೆ.

ನನ್ನ ಮಾತು ನೇರವಾಗಿಯೇ ಹೇಳಿಬಿಡುತ್ತೇನೆ. ಹಳ್ಳಿಯಲ್ಲಿ ದುಡಿದ ದುಡ್ಡನ್ನು ಹೈವೇ ಪಕ್ಕದ ಹೊಸ ಲೇಔಟಿನ ನಾಲ್ಕು ಕಲ್ಲಿನ ನಡುವೆ ಹೂಳಬೇಡಿ. ಪಟ್ಟಣದಲ್ಲಿ ಮನೆ ಬೇಕೇ ಬೇಕು ಅನ್ನುವುದಾದರೆ ಊರೊಳಗೆ, ನಲ್ಲಿ ನೀರು ಬರುವ ಕಡೆ, ಖಾತೆ ಸರಿ ಇರುವ ಹಳೆಯ ಸಣ್ಣ ಮನೆಯನ್ನೋ ಸಣ್ಣ ಸೈಟನ್ನೋ ಹುಡುಕಿ. ಅಂದ ಕಡಿಮೆ ಇರಬಹುದು, ರಸ್ತೆ ಕಿರಿದಿರಬಹುದು. ಆದರೆ ಅಲ್ಲಿ ನಾಳೆಯೇ ಸಂಸಾರ ಹೂಡಬಹುದು.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಮ್ಮಪ್ಪ ಹೊಸದುರ್ಗ ಕಡೆಯ ರೈತ. ನಾನು ಡಿಗ್ರಿಗೆ ಸೇರಿದ ವರ್ಷ, ಮಗ ದುರ್ಗದಲ್ಲಿ ಓದುತ್ತಾನೆ, ನಾಳೆ ಅಲ್ಲೇ ಕೆಲಸ ಆಗುತ್ತದೆ ಅಂತ ಊರ ಹತ್ತಿರದ ಒಂದೂವರೆ ಎಕರೆ ಹೊಲ ಮಾರಿ ದುರ್ಗದ ಹೊರಗೆ 30-40ರ ಸೈಟು ತೆಗೆದರು. ಏಜೆಂಟ್ ಬೇರೆಯವನೇನಲ್ಲ, ನಮ್ಮ ನೆಂಟರ ಪೈಕಿಯವನೇ. "ಯಜಮಾನ್ರೇ, ಭೂಮಿ ಹೊಸದಾಗಿ ಹುಟ್ಟಲ್ಲ, ರೇಟು ಇಳಿಯಲ್ಲ, ಈ ಅಮಾವಾಸ್ಯೆ ಕಳೆದರೆ ಚದರಕ್ಕೆ ನೂರು ಏರ್ತದೆ" ಅಂದ. ಲೇಔಟಿನವರು ಕಾರು ಕಳಿಸಿ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗಿ ಹೋಟೆಲಿನಲ್ಲಿ ಊಟ ಹಾಕಿಸಿದರು. ಹೋಗಿದ್ದು ನವೆಂಬರ್‌ನಲ್ಲಿ. ಮಳೆ ಮುಗಿದು ಎಲ್ಲ ಕಡೆ ಹಸಿರು. ಕಮಾನಿನ ಹತ್ತಿರ ಒಂದು ನಲ್ಲಿ ಇತ್ತು, ತಿರುಗಿಸಿದರೆ ನೀರು ಬಂತು. ಅಮ್ಮ ಆ ನೀರಲ್ಲಿ ಮುಖ ತೊಳೆದುಕೊಂಡು "ಒಳ್ಳೇ ನೀರು" ಅಂದರಂತೆ.

ಆ ನಲ್ಲಿಯ ಹಿಂದೆ ಇದ್ದದ್ದು ಒಂದು ಸಿಂಟೆಕ್ಸ್ ಟ್ಯಾಂಕು. ಟ್ಯಾಂಕು ತುಂಬಿಸುತ್ತಿದ್ದದ್ದು ಟ್ಯಾಂಕರ್. ಇದು ನಮಗೆ ಗೊತ್ತಾಗಿದ್ದು ಎರಡು ವರ್ಷದ ನಂತರ, ಮನೆ ಕಟ್ಟೋಣ ಅಂತ ಹೋದಾಗ. ಬೋರು ಕೊರೆಸಿದವರನ್ನು ಕೇಳಿದೆವು. ಮೂವರಲ್ಲಿ ಒಬ್ಬರಿಗೆ ನೀರು, ಅದೂ ಸವುಳು. ಪಂಚಾಯಿತಿಗೆ ಹೋದರೆ ನಮ್ಮ ಸೈಟಿಗೆ ಇರುವುದು 11ಬಿ. ಬ್ಯಾಂಕಿನವರು ಆ ಹಾಳೆ ನೋಡಿ ವಾಪಸ್ ಕೊಟ್ಟರು. ಈಗ ಅಲ್ಲಿ ಜಾಲಿ ಬೆಳೆದಿದೆ. ವರ್ಷಕ್ಕೊಮ್ಮೆ ಅಪ್ಪ ಹೋಗಿ ಕಲ್ಲು ಇದೆಯಾ ಅಂತ ನೋಡಿಕೊಂಡು ಬರುತ್ತಾರೆ. ಮಾರಿದ ಒಂದೂವರೆ ಎಕರೆಯಲ್ಲಿ ಕೊಂಡವರು ಅಡಿಕೆ ಹಾಕಿದ್ದಾರೆ, ಕೊಯ್ಲಿಗೂ ಬಂದಿದೆ.

ಹಾಗಾಗಿ ಬಡಾವಣೆ ಬಡಾವಣೆ ಹೋಲಿಸುವಾಗ ಮೊದಲ ಪ್ರಶ್ನೆ ಹೈವೇ ಎಷ್ಟು ದೂರ ಅನ್ನುವುದಲ್ಲ, ನೀರು ಎಲ್ಲಿಂದ ಬರುತ್ತದೆ, ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅನ್ನುವುದು. ನಮ್ಮದು ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆ ಬೀಳುವ ಜಿಲ್ಲೆ. ಬೋರಿನ ನೀರಲ್ಲಿ ಫ್ಲೋರೈಡ್ ಇರುವ ಊರುಗಳ ಪಟ್ಟಿಯಲ್ಲಿ ನಮ್ಮ ಹೆಸರು ಹಳೆಯದು. ಮಳೆ ಸುರಿಯುವ ಕರಾವಳಿಯಲ್ಲೇ ಈ ಪ್ರಶ್ನೆ ಕೇಳುತ್ತಾರೆ. ನನ್ನ ಗೆಳೆಯನೊಬ್ಬ ಮಂಗಳೂರಿನಲ್ಲಿ ಫ್ಲಾಟ್ ಹುಡುಕುವಾಗ ಕದ್ರಿಯಾ, ಬಿಜೈಯಾ, ಸುರತ್ಕಲ್ಲಾ ಅಂತ ತೂಗಿದ. ಹೋದ ಕಡೆಯೆಲ್ಲ ಕೇಳಿದ್ದು ಕಾರ್ಪೊರೇಷನ್ ನೀರು ಎಷ್ಟು ಹೊತ್ತು ಬರುತ್ತದೆ ಅಂತ. 2019ರ ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ಅಲ್ಲಿ ಸರದಿಯಂತೆ ನೀರು ಬಿಡುವ ಸ್ಥಿತಿ ಬಂದಿತ್ತು. ಅದು ಅವರಿಗೆ ನೆನಪಿದೆ. ಅಲ್ಲಿ ಸಮುದ್ರದ ಗಾಳಿ ಮಾರುತ್ತಾರೆ, ನಮ್ಮಲ್ಲಿ ಕೋಟೆ ವ್ಯೂ ಮಾರುತ್ತಾರೆ. ಅವರು ಗಾಳಿ ಜೊತೆ ನೀರನ್ನೂ ಕೇಳುತ್ತಾರೆ, ನಾವು ವ್ಯೂ ನೋಡಿ ಅಡ್ವಾನ್ಸ್ ಕೊಟ್ಟು ಬರುತ್ತೇವೆ.

ದುರ್ಗಕ್ಕೆ ನೀರು ಬರುವುದು ಎರಡು ಕಡೆಯಿಂದ, ಚನ್ನಗಿರಿ ತಾಲ್ಲೂಕಿನ ಶಾಂತಿಸಾಗರ ಮತ್ತು ಹಿರಿಯೂರಿನ ವಾಣಿವಿಲಾಸ ಸಾಗರ. ಎರಡೂ ದೂರ. ಅಷ್ಟು ದೂರದಿಂದ ಪಂಪ್ ಮಾಡಿ ತಂದ ನೀರು ಮೊದಲು ಮುಟ್ಟುವುದು ಹಳೆಯ ಕೊಳಾಯಿ ಇರುವ ಕಡೆಗೆ. ಜೆ.ಸಿ.ಆರ್. ಬಡಾವಣೆ, ವಿದ್ಯಾನಗರ, ಕೆಳಗೋಟೆ ಇವೆಲ್ಲ ನಗರಸಭೆಯ ಕೊಳಾಯಿ ಜಾಲದೊಳಗೆ ಇರುವ ಏರಿಯಾಗಳು. ರೇಟು ಹೆಚ್ಚು ಅಂತ ನಾವು ಗೊಣಗುತ್ತೇವೆ. ಆ ಹೆಚ್ಚಿನ ರೇಟಿನಲ್ಲಿ ನೀರು, ಚರಂಡಿ, ಬೀದಿ ದೀಪ, ರಾತ್ರಿ ಆಟೊ ಸಿಗುವುದು, ಎಲ್ಲ ಸೇರಿದೆ. ಹೊರಗಿನ ಲೇಔಟಿನ ಕಡಿಮೆ ರೇಟಿಗೆ ಇವನ್ನೆಲ್ಲ ನೀವೇ ಕೂಡಿಸಿ ನೋಡಿ. ಬೋರು, ಸಂಪು, ಮೋಟರು, ಬೇಸಿಗೆ ಮೂರು ತಿಂಗಳ ಟ್ಯಾಂಕರ್, ಮಕ್ಕಳನ್ನು ಸ್ಕೂಲಿಗೆ ಬಿಡಲು ಒಂದು ಗಾಡಿ. ಕಡಿಮೆ ಅನ್ನಿಸಿದ್ದು ಎಷ್ಟು ದಿನ ಕಡಿಮೆಯಾಗಿ ಉಳಿಯುತ್ತದೆ?

ಹಳೇದೆಲ್ಲ ಚಿನ್ನ ಅಂತ ನಾನು ಹೇಳುತ್ತಿಲ್ಲ. 2023ರ ಆಗಸ್ಟ್‌ನಲ್ಲಿ ಇದೇ ನಗರದ ಕವಾಡಿಗರಹಟ್ಟಿಯಲ್ಲಿ ನಲ್ಲಿಯ ಕಲುಷಿತ ನೀರು ಕುಡಿದು ಜನ ಸತ್ತರು. ಎಷ್ಟೋ ಮಂದಿ ಆಸ್ಪತ್ರೆ ಸೇರಿದರು. ನಲ್ಲಿ ಇದ್ದರೆ ಸಾಲದು. ಕುಡಿಯುವ ನೀರಿನ ಪೈಪು ಎಲ್ಲಿ ಹಾದಿದೆ, ಚರಂಡಿ ಎಲ್ಲಿದೆ, ಎರಡೂ ಒಂದೇ ಗುಂಡಿಯಲ್ಲಿ ಇವೆಯಾ ಅಂತ ಕಣ್ಣಾರೆ ನೋಡಬೇಕು. ಅಕ್ಕಪಕ್ಕದ ಮನೆಯ ಅಮ್ಮಂದಿರನ್ನು ಕೇಳಿದರೆ ಐದು ನಿಮಿಷದಲ್ಲಿ ಎಲ್ಲ ಹೇಳುತ್ತಾರೆ. ಹೊಸ ಲೇಔಟಿನಲ್ಲಿ ಕೇಳಲು ಅಕ್ಕಪಕ್ಕದ ಮನೆಯೇ ಇರುವುದಿಲ್ಲ, ಅದೇ ತೊಂದರೆ.

ಕೋಟೆ ಬುಡದ ಹಳೇ ಬೀದಿಗಳಲ್ಲಿ ಮನೆ ನೋಡುವವರಿಗೆ ಇನ್ನೊಂದು ಎಚ್ಚರಿಕೆ. ಕೋಟೆ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. 2010ರಲ್ಲಿ ತಿದ್ದುಪಡಿಯಾದ ಕಾನೂನಿನಂತೆ ಸ್ಮಾರಕದ ಗಡಿಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡ ನಿಷಿದ್ಧ, ಅಲ್ಲಿಂದಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಪಡೆದೇ ಕಟ್ಟಬೇಕು. ದುರ್ಗದ್ದು ಏಳು ಸುತ್ತಿನ ಕೋಟೆ. ಮಾರುವವರು 'ಹಳೇ ಮನೆ ಕೆಡವಿ ಮೂರು ಅಂತಸ್ತು ಎಬ್ಬಿಸಿ' ಅನ್ನುತ್ತಾರೆ. ಎಬ್ಬಿಸಲು ಬಿಡುತ್ತಾರಾ ಅಂತ ಮೊದಲು ಇಲಾಖೆಯಲ್ಲಿ ಕೇಳಿ, ಆಮೇಲೆ ಮಾತು.

ಹಿರಿಯೂರಿನ ಕಥೆ ಬೇರೆ. ಅಲ್ಲಿ ಬ್ಯಾನರಿನ ತುಂಬ ನೀರೇ ನೀರು. 1907ರಲ್ಲಿ ಮುಗಿದ ಮಾರಿಕಣಿವೆ ಡ್ಯಾಂ 1933ರಲ್ಲಿ ಒಮ್ಮೆ ಕೋಡಿ ಬಿದ್ದಿತ್ತು. ಮತ್ತೆ ಬಿದ್ದದ್ದು 89 ವರ್ಷದ ನಂತರ, 2022ರ ಸೆಪ್ಟೆಂಬರ್‌ನಲ್ಲಿ. 2025ರ ಜನವರಿಯಲ್ಲಿ ಮೂರನೇ ಸಲ. ನಾವೆಲ್ಲ ಗಾಡಿ ಮಾಡಿಕೊಂಡು ಹೋಗಿ ಫೋಟೊ ಹೊಡೆಸಿಕೊಂಡು ಬಂದೆವು. ಏಜೆಂಟರೂ ಹೊಡೆಸಿಕೊಂಡರು, ಆ ಫೋಟೊ ಈಗ ಬ್ರೋಷರಿನಲ್ಲಿದೆ. ಆದರೆ ಡ್ಯಾಂ ತುಂಬಿದರೆ ನಲ್ಲಿ ತುಂಬುವುದಿಲ್ಲ. ಡ್ಯಾಮಿನಿಂದ ನಿಮ್ಮ ಸೈಟಿನವರೆಗೆ ಪೈಪು ಯಾರು ಹಾಕುತ್ತಾರೆ ಅಂತ ಕೇಳಿದರೆ ಬ್ರೋಷರಿನಲ್ಲಿ ಉತ್ತರ ಇಲ್ಲ. ವೇದಾವತಿ ಪಕ್ಕದ ತಗ್ಗಿನಲ್ಲಿ ಸೈಟು ತೋರಿಸಿದರೆ ಅಲ್ಲಿನ ಹಳಬರನ್ನು ಒಂದು ಮಾತು ಕೇಳಿ: ಕೋಡಿ ಬಿದ್ದ ವರ್ಷ ಹೊಳೆ ಎಲ್ಲಿಯವರೆಗೆ ಬಂದಿತ್ತು? ಎಂಬತ್ತೊಂಬತ್ತು ವರ್ಷ ಬತ್ತಿದಂತೆ ಇದ್ದ ಹೊಳೆಯ ದಡ ಯಾವುದು ಅನ್ನುವುದನ್ನು ಜನ ಮರೆತಿದ್ದರು, ಹೊಳೆ ಮರೆತಿರಲಿಲ್ಲ. ಅದೇ ವರ್ಷ ಹಿನ್ನೀರು ನಮ್ಮ ಹೊಸದುರ್ಗ ತಾಲ್ಲೂಕಿನ ತೋಟಗಳಿಗೂ ನುಗ್ಗಿತ್ತು.

ಹಿರಿಯೂರಿನ ಇನ್ನೊಂದು ಸರಕು 'ಬೆಂಗಳೂರಿಗೆ ಹತ್ತಿರ'. ಬೆಂಗಳೂರಿಗೆ 160 ಕಿಲೋಮೀಟರ್. ರೈಲು ಬರುತ್ತದೆ, ಬಂದ ಮೇಲೆ ರೇಟು ಡಬಲ್ ಅನ್ನುತ್ತಾರೆ. ಸಿರಾ, ಹಿರಿಯೂರು, ಚಿತ್ರದುರ್ಗದ ಮೇಲೆ ಹೋಗುವ ತುಮಕೂರು-ದಾವಣಗೆರೆ ಮಾರ್ಗ ಮಂಜೂರಾಗಿ ಹತ್ತು ವರ್ಷದ ಮೇಲಾಯಿತು. ಕೆಲಸ ನಡೆಯುತ್ತಿದೆ, ನಿಜ. ಬರಲಿ, ನಾವೂ ಹತ್ತುತ್ತೇವೆ. ಆದರೆ ಬಾರದ ರೈಲಿಗೆ ಇವತ್ತೇ ಟಿಕೆಟ್ ದುಡ್ಡು ಯಾಕೆ ಕೊಡಬೇಕು? ಭದ್ರಾ ಮೇಲ್ದಂಡೆಯದೂ ಇದೇ ಹಾಡು. 2023ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ರೂಪಾಯಿ ಘೋಷಣೆಯಾದ ಮರುವಾರವೇ ಸೈಟಿನ ಚದರಡಿ ರೇಟು ಏರಿಸಿದವರಿದ್ದಾರೆ. ರೈತರು ಆ ದುಡ್ಡಿಗಾಗಿ ಧರಣಿ ಕೂತರು, ಲೇಔಟಿನವರು ಆ ದುಡ್ಡಿನ ಹೆಸರಲ್ಲಿ ದುಡ್ಡು ಎಣಿಸಿಕೊಂಡರು.

'ಹತ್ತಿರ' ಅನ್ನುವ ಪದಕ್ಕೆ ನಮ್ಮ ಕಡೆ ಹಳೆಯ ಉದಾಹರಣೆ ಇದೆ. ಹೊಸದುರ್ಗ ರೋಡ್ ರೈಲ್ವೆ ಸ್ಟೇಷನ್. ಹೆಸರು ನೋಡಿ ಇಳಿದವರು ಅಲ್ಲಿಂದ ಬಸ್ ಹಿಡಿಯದೆ ಹೊಸದುರ್ಗ ಮುಟ್ಟುವಂತಿಲ್ಲ. ರೈಲ್ವೆಯವರು ಪಾಪ 'ರೋಡ್' ಅಂತಲಾದರೂ ಸೇರಿಸಿದ್ದಾರೆ.

ಹೊಸದುರ್ಗ, ಹೊಳಲ್ಕೆರೆ ಪಟ್ಟಣಗಳಲ್ಲಿ ಸೈಟಿನ ರೇಟು ಏರುವುದು ಅಲ್ಲಿ ಕೆಲಸ ಹೆಚ್ಚಾಗಿದೆ ಅಂತಲ್ಲ, ಅಡಿಕೆ-ತೆಂಗಿನ ದುಡ್ಡಿಗೆ ಹೋಗಲು ಬೇರೆ ಜಾಗ ಕಾಣುವುದಿಲ್ಲ ಅಂತ. ಒಳ್ಳೇ ರೇಟು ಸಿಕ್ಕ ವರ್ಷ ಎಲ್ಲರೂ ಸೈಟು ತಗೊಳ್ಳುತ್ತಾರೆ, ಯಾರೂ ಮನೆ ಕಟ್ಟುವುದಿಲ್ಲ. ಮನೆಗಳೇ ಇಲ್ಲದ ಬಡಾವಣೆಗೆ ಪುರಸಭೆಯವರು ಪೈಪು ಎಳೆಯುವುದಿಲ್ಲ, ಪೈಪು ಇಲ್ಲ ಅಂತ ಯಾರೂ ಮನೆ ಕಟ್ಟುವುದಿಲ್ಲ. ಮಗಳ ಮದುವೆಗೆ ಅಂತ ಮಾರಲು ಹೋದರೆ ಆ ವರ್ಷ ಎಲ್ಲರೂ ಮಾರುವವರೇ.

ಇನ್ನು ಕಾಗದದ ಮಾತು. ಮೊದಲು ಲೇಔಟಿನವರ ಲೆಕ್ಕ ಅರ್ಥ ಮಾಡಿಕೊಳ್ಳಿ. ಒಂದು ಎಕರೆ ಅಂದರೆ 40 ಗುಂಟೆ, 43,560 ಚದರಡಿ. ನಿಯಮದಂತೆ ರಸ್ತೆ, ಪಾರ್ಕು, ಸಾರ್ವಜನಿಕ ಜಾಗ ಬಿಟ್ಟು ಹೆಚ್ಚುಕಡಿಮೆ ಅರ್ಧದಷ್ಟು ಮಾರಾಟಕ್ಕೆ ಉಳಿಯಿತು ಅನ್ನೋಣ, 30-40ರ ಸುಮಾರು 18 ಸೈಟು ಆಗುತ್ತವೆ. ಪಾರ್ಕು ನುಂಗಿ, ರಸ್ತೆ ಇಪ್ಪತ್ತು ಅಡಿಗೆ ಇಳಿಸಿದರೆ ಅದೇ ಎಕರೆಯಲ್ಲಿ 27-28 ಸೈಟು ಎಳೆಯಬಹುದು. ಅನುಮೋದನೆ ಇಲ್ಲದ ಲೇಔಟು ಯಾಕೆ ಅಗ್ಗ ಅನ್ನುವುದರ ಗುಟ್ಟು ಇಷ್ಟೇ. ನಿಮ್ಮ ಮನೆಮುಂದಿನ ರಸ್ತೆಯನ್ನೇ ನಿಮಗೆ ಸೈಟು ಅಂತ ಮಾರಿರುತ್ತಾರೆ.

'ಅಲಿನೇಷನ್ ಆಗಿದೆ' ಅಂದಾಕ್ಷಣ ನಮ್ಮವರು ಸಮಾಧಾನವಾಗುತ್ತಾರೆ. ಅದು ಕೃಷಿ ಜಮೀನನ್ನು ಬೇರೆ ಬಳಕೆಗೆ ಬದಲಾಯಿಸಿದ ಆದೇಶ ಮಾತ್ರ. ಅಲ್ಲಿ ಸೈಟು ಹೀಗೆ ಹೀಗೆ ಇರಬೇಕು ಅಂತ ಒಪ್ಪಿದ ನಕ್ಷೆ ಬೇರೆ, ಅದನ್ನು ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ ಅಥವಾ ನಗರ ಯೋಜನಾ ಇಲಾಖೆ. ಆ ನಕ್ಷೆ ಕೇಳಿ. ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನಲ್ಲಿ ನಮೂನೆ 9 ಮತ್ತು 11ಎ ಕೇಳಿ. 11ಬಿ ತೋರಿಸಿ 'ಎರಡೂ ಒಂದೇ ಅಣ್ಣಾ' ಅಂದರೆ ಎದ್ದು ಬನ್ನಿ. ಒಂದೇ ಆಗಿದ್ದರೆ ನಮ್ಮಪ್ಪನಿಗೆ ಸಾಲ ಸಿಗುತ್ತಿತ್ತು. ಪಟ್ಟಣದೊಳಗೆ 2025ರ ಫೆಬ್ರುವರಿಯಲ್ಲಿ ಸರ್ಕಾರ ಬಿ-ಖಾತಾ ಅಭಿಯಾನ ಶುರು ಮಾಡಿದ್ದನ್ನು ಹಿಡಿದುಕೊಂಡು 'ಸರ್ಕಾರವೇ ಸಕ್ರಮ ಮಾಡಿದೆ' ಅಂತ ಹಬ್ಬಿಸುತ್ತಿದ್ದಾರೆ. ಆ ಅಭಿಯಾನ 2024ರ ಸೆಪ್ಟೆಂಬರ್ 10ರವರೆಗಿನ ಆಸ್ತಿಗಳಿಗೆ ತಂದದ್ದು, ಅವನ್ನು ತೆರಿಗೆ ಲೆಕ್ಕಕ್ಕೆ ತರುವುದಕ್ಕೆ. ನಿನ್ನೆ ಮೊನ್ನೆ ಕಲ್ಲು ನೆಟ್ಟ ಲೇಔಟಿಗೂ ಅದಕ್ಕೂ ಸಂಬಂಧವಿಲ್ಲ.

ರೇರಾ ನಂಬರು ಕೇಳುವುದನ್ನು ನಾಚಿಕೆ ಬಿಟ್ಟು ಕಲಿಯಿರಿ. 500 ಚದರ ಮೀಟರಿಗಿಂತ, ಅಂದರೆ ಸುಮಾರು 5 ಗುಂಟೆಗಿಂತ ದೊಡ್ಡ ಲೇಔಟು ಮಾರುವ ಮೊದಲು, ಜಾಹೀರಾತು ಹಾಕುವ ಮೊದಲೂ, ರೇರಾದಲ್ಲಿ ನೋಂದಣಿ ಆಗಿರಬೇಕು. ಅಗ್ರಿಮೆಂಟ್ ನೋಂದಣಿ ಮಾಡದೆ ಬೆಲೆಯ 10%ಗಿಂತ ಹೆಚ್ಚು ಅಡ್ವಾನ್ಸ್ ಪಡೆಯುವಂತಿಲ್ಲ. ಇದು 2016ರ ಕಾಯ್ದೆಯಲ್ಲೇ ಇದೆ. ನಮ್ಮ ಗ್ರೂಪಿಗೆ ಬರುವ ವಿಡಿಯೊಗಳಲ್ಲಿ ಡ್ರೋನ್ ಇದೆ, ಹಾಡು ಇದೆ, ಈ ನಂಬರು ಹುಡುಕಿದರೆ ಹೆಚ್ಚಿನವುಗಳಲ್ಲಿ ಕಾಣುವುದಿಲ್ಲ.

ಜಾಗದಲ್ಲಿ ನಿಂತಾಗ ಫೋನಿನಲ್ಲಿ ದಿಶಾಂಕ್ ಆ್ಯಪ್ ತೆರೆಯಿರಿ. ನೀವು ನಿಂತ ಸರ್ವೆ ನಂಬರು ತೋರಿಸುತ್ತದೆ. ಏಜೆಂಟ್ ಹೇಳಿದ ನಂಬರು ಅದೇನಾ, ಹಳ್ಳ ಖರಾಬು ಹಾದಿದೆಯಾ, ಕೆರೆ ಅಂಗಳವಾ, ಗೋಮಾಳವಾ ನೋಡಿ. ಅದೇ ನಂಬರಿನ ಹಳೇ ಪಹಣಿಗಳನ್ನೂ ತೆಗೆಸಿ. ಅದು ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದು, ಅನುಮತಿ ಇಲ್ಲದೆ ಕೈ ಬದಲಾಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆಯಂತೆ ಆ ಮಾರಾಟ ನಿಲ್ಲುವುದಿಲ್ಲ. 2023ರ ತಿದ್ದುಪಡಿಯ ನಂತರ ವಾಪಸ್ ಕೇಳಲು ಕಾಲಮಿತಿಯ ಅಡ್ಡಿಯೂ ಇಲ್ಲ. ಅದು ಸರಿಯಾದ ಕಾನೂನು, ಆ ಜಮೀನು ಅವರದ್ದೇ. ಮೋಸ ಮಾಡಿದವನು ಮಧ್ಯದಲ್ಲಿ ನಿಂತು ಇಬ್ಬರು ಬಡವರನ್ನು ಕೋರ್ಟಿಗೆ ಹತ್ತಿಸುತ್ತಾನೆ ಅನ್ನುವುದಷ್ಟೇ ನನ್ನ ಸಿಟ್ಟು.

ಈ ಬರಹವನ್ನು ಮೊದಲು ನಮ್ಮ ಬಳಗದ ಗೆಳತಿಯೊಬ್ಬಳಿಗೆ ಓದಿಸಿದೆ. ಓದಿ ಅವಳು ಕೇಳಿದಳು: "ಹಳೇ ಬೀದಿಯಲ್ಲಿ ಮನೆ ತಗೊಳ್ಳಿ ಅಂತೀಯಲ್ಲ, ನಿನಗೆ ಕೊಡ್ತಾರೆ. ನಮ್ಮ ಜಾತಿ ಕೇಳಿದ ಮೇಲೆ ನಮಗೆ ಕೊಡ್ತಾರಾ? ನಮ್ಮಣ್ಣ ದುರ್ಗದಲ್ಲಿ ಬಾಡಿಗೆ ಮನೆಗೆ ಆರು ತಿಂಗಳು ಅಲೆದ. ಲೇಔಟಿನವನು ಜಾತಿ ಕೇಳಲಿಲ್ಲ, ದುಡ್ಡು ಕೇಳಿದ." ನನ್ನ ಹತ್ತಿರ ತಕ್ಷಣ ಉತ್ತರ ಇರಲಿಲ್ಲ. ಈಗಲೂ ಪೂರ್ತಿ ಇಲ್ಲ. ಅವಳ ಮಾತು ನಿಜ, ಲೇಔಟಿನ ಆಕರ್ಷಣೆ ಬರೀ ಕಮಾನಿನದ್ದಲ್ಲ. ಹಳ್ಳಿಯ ಕೇರಿಯಿಂದ ಬಂದವರಿಗೆ ಯಾರೂ ಏನೂ ಕೇಳದ ಒಂದು ರಸ್ತೆ ಬೇಕು. ಆ ಆಸೆಯನ್ನೇ ಹಿಡಿದು ಅವರಿಗೆ 11ಬಿ ಸೈಟು ಮಾರುವುದು ಇನ್ನೂ ದೊಡ್ಡ ಅನ್ಯಾಯ ಅಂತ ನಾನು ಹೇಳಬಲ್ಲೆ ಅಷ್ಟೇ. ಗೃಹ ಮಂಡಳಿ, ಪ್ರಾಧಿಕಾರ ಹಂಚುವ ಸೈಟುಗಳಲ್ಲಿ ಮೀಸಲಾತಿ ಇದೆ, ಖಾತೆಯ ಜಗಳವಿಲ್ಲ. ಆದರೆ ಅವು ಹಂಚುವುದು ಯಾವಾಗ? ತಾಲ್ಲೂಕು ಪಟ್ಟಣಗಳಲ್ಲಿ ಅಂಥ ಬಡಾವಣೆ ಮಾಡಿ ಎಷ್ಟು ವರ್ಷವಾಯಿತು ಅಂತ ನಮ್ಮ ಶಾಸಕರನ್ನು ಯಾರಾದರೂ ಕೇಳಿದ್ದೀರಾ? ಸರ್ಕಾರ ಮಾಡಬೇಕಾದ ಕೆಲಸ ಬಿಟ್ಟ ಜಾಗದಲ್ಲೇ ಕಮಾನು ಎದ್ದಿರುವುದು.

ಕೇಳಬೇಕಾದವರಲ್ಲಿ ಪತ್ರಕರ್ತರಾದ ನಾವೂ ಇದ್ದೇವೆ. ಸಣ್ಣ ಪತ್ರಿಕೆಗೆ ಯುಗಾದಿ, ದೀಪಾವಳಿಗೆ ಪೂರ್ತಿ ಪುಟದ ಜಾಹೀರಾತು ಕೊಡುವವರು ಲೇಔಟಿನವರೇ. ಸಂಬಳ ಅದರಿಂದ ಬರುತ್ತದೆ. ನಮ್ಮ ಬ್ಯಾಚಿನ ಒಬ್ಬ 'ಕನಸಿನ ಮನೆಗೆ ಸುವರ್ಣಾವಕಾಶ' ಅಂತ ಸುದ್ದಿಯ ಹಾಗೆ ಕಾಣುವ ಜಾಹೀರಾತು ಬರೆದುಕೊಟ್ಟಿದ್ದಾನೆ. ಅವನನ್ನು ಬೈಯಲು ನನಗೆ ಮುಖವಿಲ್ಲ, ಆ ಪುಟದ ಅಕ್ಷರ ತಪ್ಪು ತಿದ್ದಿದ್ದು ನಾನು.

ಹೋಗುವುದಾದರೆ ನವೆಂಬರ್‌ನಲ್ಲಿ ಹೋಗಬೇಡಿ. ಏಪ್ರಿಲ್ ಕೊನೆಯಲ್ಲಿ, ಮಧ್ಯಾಹ್ನ ಮೂರು ಗಂಟೆಗೆ, ಅವರ ಕಾರಿನಲ್ಲಲ್ಲ, ಬಸ್ಸಿನಲ್ಲಿ ಹೋಗಿ. ಬಸ್ ಎಲ್ಲಿ ಇಳಿಸುತ್ತದೋ ಅಲ್ಲಿಂದ ನಡೆಯಿರಿ. ನಿಮ್ಮ ಜೊತೆ ಮನೆಯ ಹೆಂಗಸರು ಇರಲಿ, ನೀರು ಹೊರುವವರಿಗೆ ಕಾಣುವುದು ಗಂಡಸರಿಗೆ ಕಾಣುವುದಿಲ್ಲ. ಮತ್ತೆ ಅದೇ ಜಾಗಕ್ಕೆ ಒಂದು ಜೋರು ಮಳೆ ಬಂದ ಮಾರನೇ ದಿನ ಇನ್ನೊಮ್ಮೆ ಹೋಗಿ. ಎರಡು ಸಲ ಹೋಗಿ ಬರುವಷ್ಟರಲ್ಲಿ ಸೈಟು ಖಾಲಿಯಾಗುತ್ತದೆ ಅಂತ ಹೆದರಿಸಿದರೆ ಆಗಲಿ ಬಿಡಿ.

ನಿಮ್ಮ ಫೋನಿಗೆ ಬಂದ ಲೇಔಟ್ ಜಾಹೀರಾತಿನಲ್ಲಿ ರೇರಾ ನಂಬರ್ ಇಲ್ಲದಿದ್ದರೆ, ಅಥವಾ ಇದ್ದೂ ಅನುಮಾನ ಬಂದರೆ, ಅದರ ಫೋಟೊ ನಮಗೆ ಕಳಿಸಿ. ಹುಡುಕಿ ನೋಡಿ ಇಲ್ಲೇ ಬರೆಯುತ್ತೇವೆ. ನಮಗೆ ಜಾಹೀರಾತು ಕೊಡುವವರು ಹೇಗೂ ಯಾರೂ ಇಲ್ಲ.